11ಎ ಸೀಟು ಕೇಳಬೇಡಿ, ಸಾಲು ಎಣಿಸಿ



2025ರ ಜೂನ್ 12. ಅಹಮದಾಬಾದ್‌ನಿಂದ ಲಂಡನ್‌ಗೆ ಹೊರಟ ಏರ್ ಇಂಡಿಯಾ 171 ವಿಮಾನ ಮೇಲೇರಿದ ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕೆ ಬಿತ್ತು. ಒಳಗಿದ್ದವರು 242 ಜನ. ಜೀವಂತವಾಗಿ ಹೊರಗೆ ಬಂದವರು ಒಬ್ಬರೇ ಒಬ್ಬರು. ಅವರು ಕೂತಿದ್ದ ಸೀಟು 11ಎ, ಎಮರ್ಜೆನ್ಸಿ ಎಕ್ಸಿಟ್ ಪಕ್ಕದ್ದು.

ಅವತ್ತಿನಿಂದ ಶುರುವಾಯ್ತು ನೋಡಿ, 11ಎ ಹುಚ್ಚು. ಟಿಕೆಟ್ ಬುಕ್ ಮಾಡುವಾಗ "11ಎ ಖಾಲಿ ಇದೆಯಾ ನೋಡ್ರೀ" ಅನ್ನುವವರು. ಅದಕ್ಕೆ ಜಾಸ್ತಿ ದುಡ್ಡು ಕೊಡಲು ತಯಾರಿರುವವರು. ನಾನು ಓದಿದ್ದು ಇಂಜಿನಿಯರಿಂಗ್, ಆದ್ದರಿಂದ ಸ್ವಲ್ಪ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಅದು ಬೋಯಿಂಗ್ 787. ಆ ವಿಮಾನದ ಆ ಜೋಡಣೆಯಲ್ಲಿ 11ಎ ಪಕ್ಕ ಬಾಗಿಲಿತ್ತು. ಇನ್ನೊಂದು ಮಾದರಿಯ ವಿಮಾನದಲ್ಲಿ ಅದೇ 11ಎ ಬಾಗಿಲಿನಿಂದ ಎಷ್ಟೋ ಸಾಲು ದೂರ ಇರಬಹುದು. ಅಂದರೆ ನೀವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಸುರಕ್ಷತೆಯನ್ನಲ್ಲ ಸ್ವಾಮಿ, ತಾಯತವನ್ನು.

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ವಾ? ಇದೆ. ಇವತ್ತಿನ ಮಾತು ಅದರ ಬಗ್ಗೆಯೇ.

ಮೊದಲು ಒಂದು ನಂಬಿಕೆಯನ್ನು ಒಡೆಯಬೇಕು. "ವಿಮಾನಕ್ಕೆ ಏನಾದ್ರೂ ಆದ್ರೆ ಮುಗೀತು, ಬೆಲ್ಟ್ ಹಾಕಿದ್ರೇನು, ಬಿಟ್ರೇನು?" ಈ ಮಾತನ್ನು ಎಷ್ಟು ಸಲ ಕೇಳಿದ್ದೀರಿ? ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನ್ನ ದೇಶದ ವಿಮಾನ ಸಂಸ್ಥೆಗಳಿಗೆ 1983ರಿಂದ 2000ದವರೆಗೆ ಆದ ಎಲ್ಲ ಅಪಘಾತಗಳನ್ನೂ ಕೂಡಿಸಿ ಲೆಕ್ಕ ಹಾಕಿತು. ಆ ವಿಮಾನಗಳಲ್ಲಿದ್ದವರ ಪೈಕಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಬದುಕಿದ್ದರು. ಇದರಲ್ಲಿ ಸಣ್ಣಪುಟ್ಟ ಅಪಘಾತಗಳೂ ಸೇರಿವೆ, ಒಪ್ಪೋಣ. ಆದರೆ ಬೆಂಕಿ ಹತ್ತಿ, ವಿಮಾನ ನಜ್ಜುಗುಜ್ಜಾದ ಗಂಭೀರ ಅಪಘಾತಗಳನ್ನೇ ಬೇರೆ ಮಾಡಿ ನೋಡಿದಾಗಲೂ ಅರ್ಧಕ್ಕಿಂತ ಹೆಚ್ಚು ಜನ ಉಳಿದಿದ್ದರು. ಅಹಮದಾಬಾದ್‌ನಂಥ ದುರಂತದಲ್ಲಿ ಪ್ರಯಾಣಿಕ ಮಾಡಬಹುದಾದದ್ದು ಏನೂ ಇರುವುದಿಲ್ಲ, ನಿಜ. ಆದರೆ ಹೆಚ್ಚಿನ ಅಪಘಾತಗಳು ಹಾಗಿರುವುದಿಲ್ಲ. ರನ್‌ವೇಯಿಂದ ಜಾರುವುದು, ಎಂಜಿನ್‌ಗೆ ಬೆಂಕಿ ಹತ್ತುವುದು, ಚಕ್ರ ಮುರಿಯುವುದು, ಇಂಥವೇ ಜಾಸ್ತಿ. ಅಲ್ಲಿ ಪೆಟ್ಟಿನಿಂದ ಬದುಕಿದವನು ಮುಂದಿನ ಎರಡು ನಿಮಿಷದಲ್ಲಿ ಬದುಕುತ್ತಾನಾ ಅನ್ನುವುದೇ ಪ್ರಶ್ನೆ.

ಆ ಎರಡು ನಿಮಿಷದಲ್ಲಿ ಏನಾಗುತ್ತೆ? ಒಂದು ಹಳೆಯ ಘಟನೆ ಹೇಳ್ತೀನಿ.

1985ರ ಆಗಸ್ಟ್ 22, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಬ್ರಿಟಿಷ್ ಏರ್‌ಟೂರ್ಸ್ ಕಂಪನಿಯ ಬೋಯಿಂಗ್ 737 ರನ್‌ವೇ ಮೇಲೆ ಓಡುತ್ತಿತ್ತು. ಇನ್ನೂ ನೆಲ ಬಿಟ್ಟಿರಲಿಲ್ಲ. ಎಂಜಿನ್ ಒಡೆದು, ಇಂಧನ ಟ್ಯಾಂಕ್ ತೂತಾಗಿ, ಬೆಂಕಿ ಹತ್ತಿತು. ಪೈಲಟ್ ವಿಮಾನ ನಿಲ್ಲಿಸಿದರು. ಯಾವುದಕ್ಕೂ ಡಿಕ್ಕಿ ಹೊಡೆದಿಲ್ಲ, ಎಲ್ಲಿಂದಲೂ ಬಿದ್ದಿಲ್ಲ. ಆದರೂ ಒಳಗಿದ್ದ 137 ಜನರಲ್ಲಿ 55 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ಹೊಗೆ.

ಯಾಕೆ ಹೀಗಾಯ್ತು? ಮುಂದಿನ ಬಲಬದಿಯ ಬಾಗಿಲು ಸಿಕ್ಕಿಹಾಕಿಕೊಂಡಿತು. ಹಜಾರ ಇಕ್ಕಟ್ಟಾಗಿತ್ತು. ರೆಕ್ಕೆಯ ಮೇಲಿನ ತುರ್ತು ಬಾಗಿಲಿನ ಪಕ್ಕ ಕೂತಿದ್ದ ಪ್ರಯಾಣಿಕರು ಗಾಬರಿಯಲ್ಲಿ ಬಾಗಿಲಿನ ಹಿಡಿ ಅಂದುಕೊಂಡು ಮೊದಲು ಎಳೆದದ್ದು ತಮ್ಮ ಸೀಟಿನ ಕೈಯಾಸರೆಯನ್ನು! ಆಮೇಲೆ ಬಾಗಿಲು ಬಿಚ್ಚಿಕೊಂಡಾಗ ಆ ಭಾರವಾದ ಹಲಗೆ ಒಳಗೆ, ಮೈಮೇಲೆಯೇ ಬಿತ್ತು. ಅವರನ್ನು ದೂರಬೇಡಿ. ಅವರಿಗೆ ಯಾರೂ ಮೊದಲೇ ಹೇಳಿಕೊಟ್ಟಿರಲಿಲ್ಲ.

ಇವತ್ತು ಎಕ್ಸಿಟ್ ಸಾಲಿನಲ್ಲಿ ಕೂತವರ ಹತ್ತಿರ ಗಗನಸಖಿ ಬಂದು "ಈ ಬಾಗಿಲು ತೆಗೆಯಲು ನೀವು ಸಿದ್ಧರಿದ್ದೀರಾ?" ಅಂತ ಕೇಳ್ತಾರಲ್ಲ, ಆ ಸಾಲಿನಲ್ಲಿ ಕಾಲು ಚಾಚಲು ಜಾಸ್ತಿ ಜಾಗ ಇರುತ್ತಲ್ಲ, ನೆಲದಲ್ಲಿ ದಾರಿ ತೋರಿಸುವ ದೀಪದ ಪಟ್ಟಿ ಇರುತ್ತಲ್ಲ, ಅವೆಲ್ಲ ವಿಮಾನ ಕಂಪನಿಗಳ ಔದಾರ್ಯವಲ್ಲ. ಮ್ಯಾಂಚೆಸ್ಟರ್‌ನಂಥ ಸಾವುಗಳು ಕಲಿಸಿದ ಪಾಠ. ನಾವು ಮಾತ್ರ ಆ ಸಾಲನ್ನು ಕಾಲು ಚಾಚುವುದಕ್ಕೆ ತಗೊಂಡು, ಗಗನಸಖಿ ಮಾತಾಡುವಾಗ ಮೊಬೈಲ್ ನೋಡುತ್ತಾ "ಯೆಸ್ ಯೆಸ್" ಅಂತೀವಿ. ಅಲ್ಲಿ ಕೂತವನು ಬರೀ ಪ್ರಯಾಣಿಕನಲ್ಲ, ತನ್ನ ಹಿಂದೆ ನಿಲ್ಲುವ ಹತ್ತಾರು ಜನರ ಬಾಗಿಲು ಕಾಯುವವನು. ಆಗಲ್ಲ ಅನ್ನಿಸಿದರೆ ಬೇರೆ ಸೀಟು ಕೇಳಿ, ಅದರಲ್ಲಿ ಅವಮಾನ ಏನೂ ಇಲ್ಲ.

ಈಗ 90 ಸೆಕೆಂಡ್ ವಿಷಯಕ್ಕೆ ಬರೋಣ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಅನುಮತಿ ಸಿಗಬೇಕಾದರೆ ಒಂದು ಪರೀಕ್ಷೆ ಇದೆ. ವಿಮಾನ ಪೂರ್ತಿ ತುಂಬಿರಬೇಕು, ಕತ್ತಲಿರಬೇಕು, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಬೇಕು. ಹಾಗಿದ್ದೂ 90 ಸೆಕೆಂಡಿನೊಳಗೆ ಎಲ್ಲರೂ ನೆಲ ಮುಟ್ಟಬೇಕು. ಏರ್‌ಬಸ್ ಎ380 ಗೊತ್ತಲ್ಲ, ಎರಡು ಅಂತಸ್ತಿನ ವಿಮಾನ. 2006ರ ಮಾರ್ಚ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅದರ ಪರೀಕ್ಷೆ ನಡೆಯಿತು. 873 ಜನ, 16ರಲ್ಲಿ 8 ಬಾಗಿಲು, 78 ಸೆಕೆಂಡ್. ಎಲ್ಲರೂ ಹೊರಗೆ!

ಕೇಳಲು ಚೆನ್ನಾಗಿದೆ. ಆದರೆ ಆ ಪರೀಕ್ಷೆಯಲ್ಲಿ ಏನಿರಲಿಲ್ಲ ಅನ್ನುವುದನ್ನೂ ನೋಡಬೇಕು. ಹೊಗೆ ಇರಲಿಲ್ಲ. ಬೆಂಕಿ ಇರಲಿಲ್ಲ. ಇಂಥ ಪರೀಕ್ಷೆಗಳಲ್ಲಿ ಕಂಕುಳ ಕೂಸಿನ ಬದಲು ಬೊಂಬೆ ಇರುತ್ತದೆ. ಮಂಡಿನೋವಿನ ಅಜ್ಜಿ ಇರುವುದಿಲ್ಲ, ಗಾಲಿಕುರ್ಚಿಯಲ್ಲಿ ಬಂದ ತಂದೆ ಇರುವುದಿಲ್ಲ. ಮುಖ್ಯವಾಗಿ, ಯಾರೂ ಎದ್ದು ನಿಂತು ಮೇಲಿನಿಂದ ಬ್ಯಾಗ್ ಇಳಿಸುವುದಿಲ್ಲ. ಅಲ್ಲಿಗೆ ಬಂದವರಿಗೆಲ್ಲ ಬಂದ ಕೆಲಸ ಇಳಿಯುವುದು ಅಂತ ಗೊತ್ತಿರುತ್ತದೆ. ನಮ್ಮ ನಿಮ್ಮ ವಿಮಾನದಲ್ಲಿ ಹಾಗಲ್ಲ. ಚಕ್ರ ನೆಲ ಮುಟ್ಟಿದ ತಕ್ಷಣ ಟಕ್ ಟಕ್ ಅಂತ ಬೆಲ್ಟ್ ಬಿಚ್ಚುವ ಸದ್ದು ಕೇಳಿಸುತ್ತೆ. ವಿಮಾನ ಇನ್ನೂ ಓಡುತ್ತಿರುವಾಗಲೇ ಅರ್ಧ ಜನ ಎದ್ದು ನಿಂತಿರುತ್ತಾರೆ. ಯಾಕೆ? ಬ್ಯಾಗ್!

ಈ ಬ್ಯಾಗಿನ ಕಥೆಗೆ ದುಬೈಗೆ ಹೋಗೋಣ. 2016ರ ಆಗಸ್ಟ್ 3. ತಿರುವನಂತಪುರದಿಂದ ಹೊರಟ ಎಮಿರೇಟ್ಸ್ 521 ದುಬೈ ರನ್‌ವೇ ಮೇಲೆ ಹೊಟ್ಟೆ ಉಜ್ಜಿಕೊಂಡು ಜಾರಿ ನಿಂತಿತು. ಒಳಗೆ 300 ಜನ. ಒಂದು ಕಡೆ ಬೆಂಕಿ, ಒಳಗೆ ಹೊಗೆ. ಆಗ ಒಬ್ಬ ಪ್ರಯಾಣಿಕ ತೆಗೆದ ವಿಡಿಯೋ ಜಗತ್ತೆಲ್ಲ ಓಡಾಡಿತು. ಸಿಬ್ಬಂದಿ "ಹಾರಿ, ಹಾರಿ" ಅಂತ ಕಿರುಚುತ್ತಿದ್ದಾರೆ. ಜನ ಮೇಲಿನಿಂದ ಬ್ಯಾಗ್ ಇಳಿಸುತ್ತಿದ್ದಾರೆ. ಲ್ಯಾಪ್‌ಟಾಪ್ ಎಲ್ಲಿ ಅಂತ ಹುಡುಕುತ್ತಿದ್ದಾರೆ. ಪುಣ್ಯ, 300 ಜನರೂ ಬದುಕಿದರು. ಆದರೆ ವಿಮಾನ ನಿಂತ ಸುಮಾರು 9 ನಿಮಿಷಕ್ಕೆ ಇಂಧನ ಟ್ಯಾಂಕ್ ಸ್ಫೋಟಿಸಿತು. ಬೆಂಕಿ ಆರಿಸಲು ಬಂದಿದ್ದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು.

ಆ ಜನರನ್ನು ಬೈಯುವುದು ಸುಲಭ. ನಾನು ಬೈಯಲ್ಲ. ಗಲ್ಫ್‌ನಲ್ಲಿ ಬೆವರು ಸುರಿಸಿ ದುಡಿಯುವವನ ಬ್ಯಾಗಿನಲ್ಲಿ ಏನಿರುತ್ತೆ? ಪಾಸ್‌ಪೋರ್ಟ್, ವೀಸಾ ಕಾಗದ, ಮಗಳ ಮದುವೆಗೆ ಕೂಡಿಸಿದ ಚಿನ್ನ. ಅದು ಹೋದರೆ ಬದುಕೇ ಹೋದ ಹಾಗೆ ಅನ್ನುವ ಭಯ ಅವನದು. ಸರಿ, ಹಾಗಿದ್ದರೆ ಅದಕ್ಕೊಂದು ದಾರಿ ಇದೆ. ಪಾಸ್‌ಪೋರ್ಟ್, ಫೋನ್, ದಿನಾ ತಗೊಳ್ಳುವ ಮಾತ್ರೆ, ಈ ಮೂರನ್ನು ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿನಲ್ಲಿ ಮೈಮೇಲೆ ಇಟ್ಟುಕೊಳ್ಳಿ. ಪ್ಯಾಂಟಿನ ಜೇಬಿನಲ್ಲೋ, ಸೊಂಟಕ್ಕೆ ಕಟ್ಟುವ ಸಣ್ಣ ಚೀಲದಲ್ಲೋ. ಉಳಿದದ್ದು ಮತ್ತೆ ಸಂಪಾದಿಸಬಹುದು. ಜೀವ ಇದ್ದರೆ ಬೆಲ್ಲ ಬೇಡಿ ತಿನ್ನಬಹುದು ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಬ್ಯಾಗ್ ತಗೊಂಡರೆ ಏನಾಗುತ್ತೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಒಂದು ಬಾಗಿಲಿಗೆ 60 ಜನ ಅಂತಿಟ್ಟುಕೊಳ್ಳಿ. ಹಜಾರದಲ್ಲಿ ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದು. ಅದರಲ್ಲಿ ಬರೀ 10 ಜನ, ಒಬ್ಬರಾದ ಮೇಲೆ ಒಬ್ಬರು, ತಲಾ 5 ಸೆಕೆಂಡ್ ನಿಂತು ಬ್ಯಾಗ್ ಎಳೆದರು. 50 ಸೆಕೆಂಡ್ ಹೋಯಿತು. 90ರಲ್ಲಿ 50! ಆ 50 ಸೆಕೆಂಡಿನ ಬೆಲೆಯನ್ನು ಬ್ಯಾಗ್ ತಗೊಂಡವರು ಕಟ್ಟುವುದಿಲ್ಲ. ಸಾಲಿನ ಕೊನೆಯಲ್ಲಿ ಹೊಗೆ ಕುಡಿಯುತ್ತಾ ನಿಂತವರು ಕಟ್ಟುತ್ತಾರೆ. ಮೇಲಾಗಿ, ಹೊರಗೆ ಇಳಿಯುವುದು ಗಾಳಿ ತುಂಬಿದ ಜಾರುಬಂಡೆಯ ಮೇಲೆ. ಟ್ರಾಲಿಯ ಚಕ್ರವೋ, ಚೂಪಾದ ಹಿಮ್ಮಡಿಯ ಚಪ್ಪಲಿಯೋ ಅದನ್ನು ಹರಿದರೆ ಹಿಂದೆ ಇದ್ದವರಿಗೆ ಆ ದಾರಿಯೂ ಇಲ್ಲ.

ಹಾಗಾದರೆ ಮೇಲಿನ ಲಗೇಜ್ ಖಾನೆಗಳಿಗೆ ಒಂದೇ ಗುಂಡಿಯಿಂದ ಬೀಗ ಹಾಕಿಬಿಟ್ಟರೆ? ಈ ಸಲಹೆಯೂ ಇದೆ. ಆದರೆ ಬೀಗ ಬಿದ್ದದ್ದು ಗೊತ್ತಿಲ್ಲದವನು ಅಲ್ಲೇ ನಿಂತು ಎಳೆಯುತ್ತಲೇ ಇದ್ದರೆ? ಆಗ ದಾರಿ ಇನ್ನೂ ಕಟ್ಟುತ್ತದೆ. ಯಂತ್ರಕ್ಕೆ ಬೀಗ ಹಾಕುವ ಮೊದಲು ಮನುಷ್ಯನಿಗೆ ಹೇಳಿಕೊಡಬೇಕು.

ಹೇಳಿಕೊಟ್ಟರೆ ಜನ ಕೇಳ್ತಾರಾ? ಕೇಳ್ತಾರೆ. ಸಾಕ್ಷಿ ಟೋಕಿಯೋದಲ್ಲಿದೆ.

2024ರ ಜನವರಿ 2. ಹನೇಡಾ ವಿಮಾನ ನಿಲ್ದಾಣ. ಜಪಾನ್ ಏರ್‌ಲೈನ್ಸ್‌ನ ಎ350 ಇಳಿಯುವಾಗ ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಆ ಸಣ್ಣ ವಿಮಾನದಲ್ಲಿದ್ದ 6 ಜನರಲ್ಲಿ 5 ಜನ ಸತ್ತರು. ದೊಡ್ಡ ವಿಮಾನ ಬೆಂಕಿ ಹೊತ್ತುಕೊಂಡೇ ಜಾರಿ ನಿಂತಿತು. ಒಳಗೆ 379 ಜನ, ಅದರಲ್ಲಿ 8 ಕೂಸುಗಳು. ಮೈಕ್ ವ್ಯವಸ್ಥೆ ಕೆಟ್ಟಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಬರಿಗಂಟಲಲ್ಲಿ ಕೂಗಿ ಹೇಳಿದರು. ಎಂಟು ಬಾಗಿಲುಗಳಲ್ಲಿ ಮೂರನ್ನಷ್ಟೇ ಬಳಸಲು ಸಾಧ್ಯವಿತ್ತು. ಸಿಬ್ಬಂದಿ ಕಿಟಕಿಯಿಂದ ಹೊರಗೆ ಬೆಂಕಿ ಇದೆಯಾ ಅಂತ ನೋಡಿ, ಬೆಂಕಿ ಇಲ್ಲದ ಕಡೆ ಮಾತ್ರ ಬಾಗಿಲು ತೆಗೆದರು. 379 ಜನರೂ ಹೊರಗೆ ಬಂದರು. ಕ್ಯಾಪ್ಟನ್ ಕೊನೆಯವರಾಗಿ ಇಳಿದಾಗ ವಿಮಾನ ನೆಲ ಮುಟ್ಟಿ ಸುಮಾರು 18 ನಿಮಿಷ. ಆಮೇಲೆ ಆ ವಿಮಾನ ಪೂರ್ತಿ ಸುಟ್ಟು ಬೂದಿಯಾಯಿತು, ಎಲ್ಲರ ಬ್ಯಾಗುಗಳ ಸಮೇತ.

ಇದು ಪವಾಡ ಅಂತ ಬಹಳ ಜನ ಬರೆದರು. ಪವಾಡ ಅಲ್ಲ ರೀ, ತಯಾರಿ. 1985ರ ಆಗಸ್ಟ್ 12ರಂದು ಇದೇ ಕಂಪನಿಯ 123ನೇ ಸಂಖ್ಯೆಯ ವಿಮಾನ ಬಿದ್ದು 520 ಜನ ಸತ್ತಿದ್ದರು. ಆ ವಿಮಾನದ ಅವಶೇಷಗಳನ್ನು ಅವರು ಮುಚ್ಚಿಡಲಿಲ್ಲ. 2006ರಲ್ಲಿ ಒಂದು ಸುರಕ್ಷತಾ ಕೇಂದ್ರ ತೆರೆದು ಅಲ್ಲಿ ಇಟ್ಟರು. ಸಂಸ್ಥೆಗೆ ಸೇರುವ ನೌಕರರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ನೋವನ್ನು ಪಾಠ ಮಾಡಿಕೊಂಡವರ ಕಥೆ ಇದು.

ನಮಗೂ ನೋವು ಕಡಿಮೆ ಇಲ್ಲ. 2010ರ ಮೇ 22, ಬೆಳಗಿನ ಆರು ಗಂಟೆ ಹೊತ್ತು. ಮಂಗಳೂರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ರನ್‌ವೇ ದಾಟಿ ಕೆಂಜಾರಿನ ಕಂದಕಕ್ಕೆ ಬಿತ್ತು. 166 ಜನರಲ್ಲಿ 158 ಜನ ತೀರಿಕೊಂಡರು. ಉಳಿದ ಎಂಟು ಜನರಿಗೆ ಸಿಕ್ಕಿದ್ದು ಬಾಗಿಲಲ್ಲ, ಸೀಳಿದ ವಿಮಾನದ ಬಿರುಕು. ಅಲ್ಲಿ ಸತ್ತವರು ಸುರಕ್ಷತಾ ಪ್ರಾತ್ಯಕ್ಷಿಕೆ ನೋಡಿದ್ದರೆ ಬದುಕುತ್ತಿದ್ದರು ಅಂತ ಯಾರೂ ಹೇಳಬಾರದು, ಅದು ಕ್ರೌರ್ಯ. ವಿಮಾನ ಇಳಿದದ್ದೇ ರನ್‌ವೇಯ ಅರ್ಧ ದಾಟಿದ ಮೇಲೆ. ಸಹಪೈಲಟ್ ಮತ್ತೆ ಮೇಲೇರಿ ಅಂತ ಹೇಳಿದರೂ ಕ್ಯಾಪ್ಟನ್ ಇಳಿಸಿದರು. ತನಿಖೆ ಅದನ್ನೆಲ್ಲ ಹೇಳಿದೆ. ಬಿದ್ದ ಮೇಲೆ ಬೆಂಕಿ ಯಾರಿಗೂ ಸಮಯ ಕೊಡಲಿಲ್ಲ.

ಆದರೆ ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಪಕ್ಕದ ಕೋಯಿಕ್ಕೋಡ್‌ನಲ್ಲಿ ಅದೇ ಸಂಸ್ಥೆಯ ಅದೇ ಮಾದರಿಯ ವಿಮಾನ, ಅದೇ ಥರದ ಟೇಬಲ್‌ಟಾಪ್ ರನ್‌ವೇಯಿಂದ ಕೆಳಗೆ ಬಿದ್ದು ತುಂಡಾಯಿತು. 190 ಜನರಲ್ಲಿ 21 ಜನ ಸತ್ತರು. ಅಲ್ಲಿ ಬೆಂಕಿ ಹತ್ತಲಿಲ್ಲ. ಊರಿನವರು ಮಳೆಯಲ್ಲಿ ಓಡಿ ಬಂದು ಜನರನ್ನು ಎಳೆದು ಹಾಕುವಷ್ಟು ಸಮಯ ಸಿಕ್ಕಿತು. ಸಮಯ ಅಂದರೆ ಜೀವ, ಅಷ್ಟೇ. ಕೆಲವು ಸಲ ಆ ಸಮಯವನ್ನು ವಿಧಿ ಕೊಡುತ್ತದೆ. ಹಲವು ಸಲ ನಾವೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಬೇಕು.

ಹಾಗಾದರೆ ಮುಂದಿನ ಸಲ ವಿಮಾನ ಹತ್ತಿದಾಗ ಏನು ಮಾಡಬೇಕು? ಬಹಳ ಇಲ್ಲ. ಒಂದು ನಿಮಿಷದ ಕೆಲಸ.

ಕೂತ ತಕ್ಷಣ ಹತ್ತಿರದ ಎಕ್ಸಿಟ್ ಎಲ್ಲಿದೆ ನೋಡಿ. ಮುಂದಷ್ಟೇ ಅಲ್ಲ, ಹಿಂದೆಯೂ ನೋಡಿ. ಹುಬ್ಬಳ್ಳಿಯಂಥ ಊರುಗಳಿಗೆ ಬರುವ ಸಣ್ಣ ಎಟಿಆರ್ ವಿಮಾನಗಳಲ್ಲಿ ನಾವು ಹತ್ತುವುದು ಹಿಂದಿನಿಂದ, ಮುಂದೆಯೂ ತುರ್ತು ಬಾಗಿಲುಗಳಿರುತ್ತವೆ. ನಿಮ್ಮ ಸೀಟಿಗೂ ಎಕ್ಸಿಟ್‌ಗೂ ನಡುವೆ ಎಷ್ಟು ಸಾಲು ಅಂತ ಎಣಿಸಿ. ಐದಾ, ಏಳಾ? ನೆನಪಿಟ್ಟುಕೊಳ್ಳಿ. ಹೊಗೆ ತುಂಬಿದಾಗ ಕಣ್ಣು ಕಾಣುವುದಿಲ್ಲ, ಬೋರ್ಡು ಕಾಣುವುದಿಲ್ಲ. ಬಗ್ಗಿ, ಸೀಟುಗಳನ್ನು ಕೈಯಲ್ಲಿ ಮುಟ್ಟುತ್ತಾ ಎಣಿಸಿಕೊಂಡು ಹೋಗಬೇಕು.

ಬೆಲ್ಟನ್ನು ಎರಡು ಸಲ ಹಾಕಿ, ಎರಡು ಸಲ ತೆಗೆಯಿರಿ. ನಗಬೇಡಿ. ಕಾರಿನ ಬೆಲ್ಟ್‌ಗೆ ಗುಂಡಿ ಒತ್ತುತ್ತೀವಿ, ವಿಮಾನದ್ದಕ್ಕೆ ಪಟ್ಟಿ ಎತ್ತಬೇಕು. ಗಾಬರಿಯಲ್ಲಿ ಕೈ ಹಳೇ ಅಭ್ಯಾಸವನ್ನೇ ಮಾಡುತ್ತದೆ, ಇಲ್ಲದ ಗುಂಡಿಯನ್ನು ಹುಡುಕುತ್ತದೆ.

ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಚಪ್ಪಲಿ, ಶೂ ಕಾಲಲ್ಲಿರಲಿ. ನಿದ್ದೆ ಬೇಡ, ಕಿವಿಗೆ ಇಯರ್‌ಫೋನ್ ಬೇಡ. ಹೆಚ್ಚಿನ ಅಪಘಾತ ಆಗುವುದು ಆ ಹೊತ್ತಿನಲ್ಲೇ. ಕಿಟಕಿಯ ಪರದೆ ತೆಗೆಯಿರಿ ಅಂತ ಹೇಳುವುದು ಹೊರಗಿನ ಬೆಂಕಿ ಕಾಣಲಿ ಅಂತ. ಸೀಟು ನೆಟ್ಟಗೆ ಮಾಡಿ ಅನ್ನುವುದು ಹಿಂದಿನವರಿಗೆ ದಾರಿ ಇರಲಿ ಅಂತ. ಯಾವುದೂ ಕಾಟಕ್ಕೆ ಹೇಳುವುದಲ್ಲ.

ಆಕ್ಸಿಜನ್ ಮಾಸ್ಕ್ ಬಿದ್ದರೆ ಮೊದಲು ನಿಮಗೆ, ಆಮೇಲೆ ಮಗುವಿಗೆ. ಇದು ತಾಯಂದಿರಿಗೆ ಕಷ್ಟದ ಮಾತು. ಆದರೆ 35 ಸಾವಿರ ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಹೋದರೆ, ಮಾಸ್ಕ್ ಇಲ್ಲದೆ ಬುದ್ಧಿ ಸ್ಥಿಮಿತದಲ್ಲಿರುವುದು 30ರಿಂದ 60 ಸೆಕೆಂಡ್. ನೀವು ಎಚ್ಚರ ತಪ್ಪಿದರೆ ಮಗುವಿಗೆ ಹಾಕುವವರು ಯಾರು?

ಲೈಫ್ ಜಾಕೆಟ್ ಹಾಕಿಕೊಳ್ಳಿ, ಆದರೆ ವಿಮಾನದ ಒಳಗೆ ಗಾಳಿ ತುಂಬಬೇಡಿ. 1996ರ ನವೆಂಬರ್ 23ರಂದು ಅಪಹರಣವಾದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಇಂಧನ ಮುಗಿದು ಕೊಮೊರೋಸ್ ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು. 175ರಲ್ಲಿ 125 ಜನ ಸತ್ತರು. ಹಲವರು ಒಳಗೇ ಜಾಕೆಟ್ ಊದಿಸಿಕೊಂಡಿದ್ದರು. ನೀರು ನುಗ್ಗಿದಾಗ ಜಾಕೆಟ್ ಅವರನ್ನು ಛಾವಣಿಗೆ ಎತ್ತಿ ಹಿಡಿಯಿತು. ಮುಳುಗಿ ಬಾಗಿಲಿನ ಕಡೆ ಹೋಗಲು ಆಗಲಿಲ್ಲ.

ಇಷ್ಟೂ ವಿಷಯವನ್ನು ಗಗನಸಖಿ ಪ್ರತಿ ಸಲ ಹೇಳ್ತಾರೆ. ಆದರೆ ಯಾವ ಭಾಷೆಯಲ್ಲಿ? ನಾನು ಹತ್ತಿದ ಬಹುತೇಕ ವಿಮಾನಗಳಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಅದೂ ರೈಲಿನ ವೇಗದಲ್ಲಿ. ಕಲಬುರಗಿಯಿಂದ ಮೊದಲ ಸಲ ವಿಮಾನ ಹತ್ತಿದ ಅಮ್ಮನಿಗೆ, ಮಗನನ್ನು ನೋಡಲು ಮಂಗಳೂರಿನಿಂದ ಗಲ್ಫ್‌ಗೆ ಹೊರಟ ಅಜ್ಜನಿಗೆ ಅದರಲ್ಲಿ ಏನು ಅರ್ಥವಾಗಬೇಕು? ಕನ್ನಡದ ಬೋರ್ಡು, ಕನ್ನಡದ ಫಲಕ ಅಂತ ನಾವು ಬಹಳ ಹೋರಾಡಿದ್ದೀವಿ, ಹೋರಾಡಬೇಕು. ಆದರೆ ಇದು ಅಭಿಮಾನದ ಪ್ರಶ್ನೆಗಿಂತ ದೊಡ್ಡದು. ಬಾಗಿಲು ಎಲ್ಲಿದೆ ಅನ್ನುವುದು ಪ್ರಯಾಣಿಕನಿಗೆ ತಿಳಿಯುವ ಭಾಷೆಯಲ್ಲಿ ಇಲ್ಲದಿದ್ದರೆ, ಆ ಘೋಷಣೆ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಅದಕ್ಕೇ ಎರಡು ಬೇಡಿಕೆ. ಒಂದು, ಕರ್ನಾಟಕದಿಂದ ಹೊರಡುವ, ಕರ್ನಾಟಕಕ್ಕೆ ಬರುವ ಪ್ರತಿ ವಿಮಾನದಲ್ಲಿ ಸುರಕ್ಷತಾ ಸೂಚನೆ ಕನ್ನಡದಲ್ಲೂ ಇರಲಿ. ಒಮ್ಮೆ ಧ್ವನಿಮುದ್ರಣ ಮಾಡಿದರೆ ಸಾಕು, ಖರ್ಚು ಎಷ್ಟು ಮಹಾ? ಸೀಟಿನ ಜೇಬಿನ ಕಾರ್ಡಿನಲ್ಲೂ ಕನ್ನಡ ಇರಲಿ. ಎರಡು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬಟ್ಟೆ, ಚಾಕೊಲೇಟ್, ವಾಚ್ ಅಂಗಡಿಗಳಿಗೆ ಬೇಕಾದಷ್ಟು ಜಾಗ ಇದೆ. ಒಂದು ಮೂಲೆಯಲ್ಲಿ ನಾಲ್ಕು ಸೀಟು, ಒಂದು ಬೆಲ್ಟು, ಒಂದು ತುರ್ತು ಬಾಗಿಲಿನ ಮಾದರಿ ಇಡಿ. ಗೇಟಿನ ಮುಂದೆ ಒಂದು ಗಂಟೆ ಕಾಯುವ ಜನ ಮುಟ್ಟಿ ನೋಡಲಿ, ಮಕ್ಕಳು ಎಳೆದು ನೋಡಲಿ. ಕೈ ಕಲಿತದ್ದನ್ನು ಗಾಬರಿ ಅಷ್ಟು ಸುಲಭವಾಗಿ ಮರೆಸುವುದಿಲ್ಲ.

"ನಾವೆಲ್ಲಿ ವಿಮಾನ ಹತ್ತುತ್ತೀವಿ, ಬಿಡಿ" ಅನ್ನುವವರಿಗೂ ಒಂದು ಮಾತು. 2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟಿದ್ದ ಖಾಸಗಿ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಹೊತ್ತಿ ಉರಿದು 45 ಜನ ಸತ್ತರು. ಬಸ್ಸಿನಲ್ಲೂ "ತುರ್ತು ನಿರ್ಗಮನ" ಅಂತ ಕನ್ನಡದಲ್ಲೇ ಬರೆದಿರುತ್ತೆ. ಅದನ್ನು ತೆರೆಯುವುದು ಹೇಗೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಅಂತ ಯಾವತ್ತಾದರೂ ನೋಡಿದ್ದೀರಾ? ಇವತ್ತು ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವವರು ಮಲಗುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಸುತ್ತಿಗೆ ಇಲ್ಲದಿದ್ದರೆ ಕಂಡಕ್ಟರನ್ನು ಕೇಳಿ.

ಮನೆಯಲ್ಲಿ ಯಾರಾದರೂ ಮೊದಲ ಸಲ ವಿಮಾನ ಹತ್ತುವವರಿದ್ದರೆ ನಾವು ಉಪ್ಪಿನಕಾಯಿ ಕಟ್ಟಿಕೊಡ್ತೀವಿ, ಚಟ್ನಿಪುಡಿ ಕಟ್ಟಿಕೊಡ್ತೀವಿ, ದೇವರ ಕುಂಕುಮ ಇಟ್ಟು ಕಳಿಸ್ತೀವಿ. ಅದರ ಜೊತೆ ಇದನ್ನೂ ಹೇಳಿ ಕಳಿಸಿ: "ಅಮ್ಮಾ, ಕೂತ ತಕ್ಷಣ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸು. ಏನೇ ಆದ್ರೂ ಬ್ಯಾಗು ಬಿಟ್ಟು ಬಾ."